ಮೇಜಿನ ಕೆಳಗಿನ ಕಾಲು

ಉಂಡ ಮನಿ ಜಂತಿ ಎಣಿಸೋರು ಇರ್ತಾರ ಅಂತ ಕೇಳಿದ್ದೆ. ನೋಡೀನಿ ಈಗ. ಓಂಪ್ರಕಾಶಂಗ ನಾನು ಪ್ರತಿ ನಾಗರ ಪಂಚಮಿಗೆ, ಇಲ್ಲಿ ಕ್ಯಾಲಿಫೋರ್ನಿಯಾದಾಗ, ಸ್ಯಾನ್ ಪೀಡ್ರೊದಿಂದ ಎಲ್ ಸೆಗುಂಡೋತನಕ ಡ್ರೈವ್ ಮಾಡ್ಕೊಂಡು ಹೋಗಿ ಶೇಂಗಾ ಉಂಡಿ ಕೊಟ್ಟು ಬರ್ತಿದ್ದೆ. ಒಡಹುಟ್ಟಿದವರಿಲ್ಲದ ನನಗ ಅವನೇ ತಮ್ಮ. ಅದಕ್ಕೇ ಅಪ್ಪ ಬಿಡಿಸಿದ ಚಿತ್ರಾನೂ ಪ್ರದರ್ಶನಕ್ಕಂತ ಅವನ ಕೈಯಾಗೇ ಕೊಟ್ಟೆ. ಮತ್ತ ಯಾರಿಗೆ ಕೊಡ್ಲಿ?

ಅಪ್ಪ ಸಂಗನಬಸಪ್ಪ ವ್ಯಂಗ್ಯಚಿತ್ರ ಬಿಡಿಸ್ತಿದ್ದ. 1932ರಾಗ ದೊಡ್ಡ ದೊಡ್ಡ ದೇಶದವರು ಶಸ್ತ್ರ ಕಡಿಮಿ ಮಾಡೋಣು ಅಂತ ಜಿನೀವಾದಾಗ ಸಭೆ ಕೂಡಿದಾಗ, ಒಂದು ಪತ್ರಿಕೆಯವರು ಅವನನ್ನ ಅಲ್ಲಿಗೆ ಕಳಿಸಿದ್ರು. ಅಲ್ಲಿ ಬಿಡಿಸಿದ ಆ ಚಿತ್ರದಾಗ ಇಬ್ಬರು ಮಂತ್ರಿಗಳು ಮೇಜಿನ ಮ್ಯಾಲ ಹಲ್ಲು ಕಿಸಿದು ಕೈ ಕುಲುಕ್ತಾರ. ಕೆಳಗ ಒಬ್ಬರ ಕಾಲು ಒಬ್ಬರು ತುಳೀತಾರ. ಪೇಟಾ ಸುತ್ತಿದವರೊಬ್ಬರು ಇಬ್ಬರಿಗೂ ಛತ್ರಿ ಹಿಡಿದಾರ. ಅವರೇ ಓಂಪ್ರಕಾಶನ ಅಜ್ಜ ಅಣ್ಣಾಸಾಹೇಬರು, ಆ ಸಭೆಗೆ ಬಂದಿದ್ದ ಒಬ್ಬ ಮಹಾರಾಜರ ಕಾರ್ಯದರ್ಶಿ. ಚಿತ್ರದಾಗ ಇದ್ದವರಿಂದಲೇ ಸಹಿ ಹಾಕಿಸ್ಕೊಳ್ಳೋದು ಅಪ್ಪನ ಪದ್ಧತಿ. ಮಂತ್ರಿಗಳು ಮುಖ ಗಂಟು ಹಾಕ್ಕೊಂಡು ಹೋದ್ರಂತ. ಅಣ್ಣಾಸಾಹೇಬರೊಬ್ಬರೇ ಹೊಟ್ಟಿ ಹಿಡ್ಕೊಂಡು ನಕ್ಕು ಸಹಿ ಹಾಕಿದ್ರಂತ. ಅಪ್ಪ ಎಂದೂ ತನ್ನ ಹೆಸರು ಬರೀತಿರಲಿಲ್ಲ. ತಳದ ಅಂಚಿನ್ಯಾಗ ಒಂದು ಗುಬ್ಬಿ ಬಿಡಿಸಿ ಬಿಡ್ತಿದ್ದ. ಇಷ್ಟೂ ಓಂಪ್ರಕಾಶಂಗ ಹೇಳಿದಾಕಿ ನಾನೇ.

2004ರ ರಾಜ್ಯೋತ್ಸವಕ್ಕ ಸ್ಯಾನ್ ಡಿಯಾಗೋದಾಗ ಕನ್ನಡ ಸಂಘದವರು ಹಳೇ ಚಿತ್ರಗಳ ಪ್ರದರ್ಶನ ಇಟ್ಟಿದ್ರು. "ಫ್ರೇಮ್ ನಾನೇ ಹಾಕಿಸ್ತೀನಿ ಶಿವಕ್ಕಾ, ನೀವು ಬರ್ರಿ ಸಾಕು," ಅಂದಿದ್ದ ಓಂಪ್ರಕಾಶ. ಅಪ್ಪನ ಹೆಸರು ಇವತ್ತಾದ್ರೂ ನಾಲ್ಕು ಮಂದಿ ಕಣ್ಣಿಗೆ ಬೀಳ್ತೈತಿ ಅಂತ ಇಳಕಲ್ ಸೀರಿ ಉಟ್ಟು, ಉಂಡಿ ಡಬ್ಬಿ ಹಿಡ್ಕೊಂಡು ಹೋದೆ.

ಫ್ರೇಮಿನ ಕೆಳಗ ಬರೆದಿತ್ತು: "ಚಿತ್ರಕಾರರು: ಅಣ್ಣಾಸಾಹೇಬ."

ಅಯ್ಯ ಶಿವನ! ಸಹಿ ನೋಡಿ ಯಾರೋ ತಪ್ಪು ಬರೆದಿರಬೇಕು ಅಂದ್ಕೊಂಡೆ. ಬಾಜೂಕ ನಿಂತಿದ್ದ ಒಬ್ಬ ಬೆಂಗಳೂರು ಹುಡುಗಗ, "ಇದು ನಮ್ಮಪ್ಪ ಬಿಡಿಸಿದ್ದಪ್ಪಾ," ಅಂದೆ.

"ಸಹಿ ಅವರದೇ ಇದೆಯಲ್ಲಾ ಆಂಟಿ," ಅಂದ.

ಗುಬ್ಬಿ ತೋರಿಸ್ಬೇಕಂತ ಬಗ್ಗಿದೆ. ಗುಬ್ಬಿ ಇರಲಿಲ್ಲ. ಗುಬ್ಬಿ ಇದ್ದ ಅಂಚೇ ಇರಲಿಲ್ಲ. ಹಳದಿ ಬಿದ್ದ ಕಾಗದಕ್ಕ ತಳದಾಗ ಮಾತ್ರ ಹೊಸದಾಗಿ ಕತ್ತರಿ ಆಡಿತ್ತು.

ಓಂಪ್ರಕಾಶನ್ನ ಹಿಡಿದು ಕೇಳಿದೆ, "ಗುಬ್ಬಿ ಎಲ್ಲಿ?"

"ಮೆಲ್ಲಕ ಮಾತಾಡ್ರಿ ಅಕ್ಕಾ. ಬಿಳಿಯರಿಗೆ ಛತ್ರಿ ಹಿಡಿದಾಂವ ನಮ್ಮಜ್ಜ ಅಂತ ಈ ಮಂದಿ ಮುಂದ ಹೆಂಗ ಹೇಳ್ಲಿ? ಅದಕ್ಕ ಚಿತ್ರ ಬಿಡಿಸಿದಾಂವ ಅಂತ ಬರೆಸಿದೆ. ನಿಮ್ಮ ಮನ್ಯಾಗ ಅಪ್ಪನ ಚಿತ್ರ ಇನ್ನೂ ಅದಾವಲ್ಲ, ಒಂದು ಹೋದ್ರ ಏನಾತು?"

"ಕತ್ತರಿಸಿದವರು ಯಾರು?"

"ನಾನೇ."

ಅಷ್ಟರಾಗ ಕ್ಯಾಮೆರಾದವ ಬಂದ, "ಅಕ್ಕ-ತಮ್ಮ ಕೈ ಕುಲುಕ್ರಿ, ಒಂದು ಫೋಟೋ!" ಅಂತ. ಓಂಪ್ರಕಾಶ ಹಲ್ಲು ಕಿಸಿದು ಕೈ ಮುಂದ ಮಾಡಿದ. ಮಾಡಿದನಪ್ಪಾ, ನಾಚಿಕಿಲ್ಲದಾಂವ! ನಾನು ಕೈ ಕೊಡಲಿಲ್ಲ. ಗ್ವಾಡಿ ಮ್ಯಾಲಿನ ಚಿತ್ರ ಇಳಿಸಿ ಬಗಲಾಗ ಇಟ್ಕೊಂಡೆ.

"ನಿಮ್ಮಜ್ಜ ತನ್ನ ಮ್ಯಾಲಿನ ಚ್ಯಾಷ್ಟಿಗೆ ತಾನೇ ನಕ್ಕು ಸಹಿ ಹಾಕಿದ ಮನುಷ್ಯ," ಅಂದೆ, ಎಲ್ಲರಿಗೂ ಕೇಳೋ ಹಂಗ. "ಅಂಥಾ ಅಜ್ಜ ಸಾಲಲಿಲ್ಲೇನೋ ನಿನಗ?"

ಅಲ್ಲಿದ್ದ ಮಂದಿ ನಂಬಿದ್ರೋ ಇಲ್ಲೋ, ಇವತ್ತಿಗೂ ಗೊತ್ತಿಲ್ಲ.

ಮನಿಗೆ ಬಂದು ಒಂದು ಹಾಳಿ ಮ್ಯಾಲ ಗುಬ್ಬಿ ಬಿಡಿಸಾಕ ನೋಡಿದೆ. ಅಪ್ಪನ ಗುಬ್ಬಿ ನನ್ನ ಕೈಗೆ ಬರಲಿಲ್ಲ, ಅತ್ತುಬಿಟ್ಟೆ. ಉಂಡಿ ಡಬ್ಬಿ ಮುಂದೇ ಇತ್ತು. ಯಾರಿಗೆ ಕೊಡ್ಲಿ ಇನ್ನ?