ಅಕ್ಕನಾಗಮ್ಮನ ಹಾರ್ಡ್‌ಟೇಲ್

ಕೊಂಡಜ್ಜಿ ಗುಡ್ಡದ ಬಂಡೆಯಿಂದ ಅಕ್ಕನಾಗಮ್ಮ ಸೈಕಲ್ ಸಮೇತ ಉರುಳಿದ ಸುದ್ದಿ, ಅವಳು ದಾವಣಗೆರೆಗೆ ವಾಪಸು ಬರುವ ಮೊದಲೇ ಮಂಡಿಪೇಟೆ ತಲುಪಿತ್ತು. ಸೋಮವಾರ ಬೆಳಿಗ್ಗೆ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ತನ್ನ ಬೆಲ್ಲದ ಸಗಟು ಅಂಗಡಿಯ ಬಾಗಿಲು ತೆಗೆಸುತ್ತಿದ್ದಾಗ, ಎದುರಿನ ಕಾಳು ವ್ಯಾಪಾರಿ ವಾಮದೇವಪ್ಪ ರಸ್ತೆ ದಾಟಿ ಬಂದರು.

"ಐವತ್ತು ದಾಟಿದ ಮ್ಯಾಲೆ ಗುಡ್ಡ ಯಾಕ ಬೇಕಿತ್ರಿ ಅಕ್ಕಾರೆ? ಪಾರ್ಕಿನಾಗೆ ಸುಮ್ನೆ ನಡೀರಿ, ಸಾಕು."

"ಬೀಳಿಸಿದ್ದು ಗುಡ್ಡ ಅಲ್ರೀ, ಆ ಸೈಕಲ್ಲು," ಎಂದಳು ಅಕ್ಕನಾಗಮ್ಮ.

ಅದು ನೆಪ ಹೇಳಿದಂತೆ ಕೇಳಿಸಿತೆಂದು ಅವಳಿಗೂ ಗೊತ್ತಾಯಿತು. ವಾಮದೇವಪ್ಪ ನಗುತ್ತಲೇ ವಾಪಸು ಹೋದರು. ಆದರೆ ಅವಳು ನಿಜವನ್ನೇ ಹೇಳಿದ್ದಳು. ಸಕ್ಕರೆ ಕಾಯಿಲೆ ಬಂತೆಂದು ಡಾಕ್ಟರು ಹೇಳಿದ ಮೇಲೆ, ಹಾಲು ತರಕಾರಿಗೆಂದು ಮನೆಯಲ್ಲಿದ್ದ ಬುಟ್ಟಿ ಸೈಕಲ್ ಹತ್ತಿದವಳು ಅವಳು. ಮೊದಲು ಹದಡಿ ರಸ್ತೆ, ಆಮೇಲೆ ಭಾನುವಾರದ ಗುಂಪಿನ ಜೊತೆ ಕೊಂಡಜ್ಜಿ ಕೆರೆ. ಕೆರೆಯ ಹಿಂದಿನ ಕಾಲುದಾರಿಗೆ ಒಮ್ಮೆ ಇಳಿದದ್ದೇ ತಡ, ಡಾಂಬರು ರಸ್ತೆ ಅವಳಿಗೆ ಬೇಸರವಾಗಿಬಿಟ್ಟಿತು. ಬೇರು, ಜಲ್ಲಿ, ತಿರುವು, ಮುಳ್ಳುಪೊದೆಯ ನಡುವಿನ ಒಂದೇ ಒಂದು ಗಾಲಿಯ ಜಾಡು. ಅಲ್ಲಿ ಬೆಲ್ಲದ ದರ, ಲಾರಿ, ಹಮಾಲರು ಯಾವುದೂ ನೆನಪಾಗುತ್ತಿರಲಿಲ್ಲ. ಆ ಜಾಡಿನ ಕೊನೆಗೆ ಇದ್ದದ್ದೇ ಆ ಬಂಡೆ. ಅದರ ತುದಿಯಲ್ಲಿ ಮೊಣಕಾಲೆತ್ತರದ ಒಂದು ಮೆಟ್ಟಿಲು. ಮುಂದಿನ ಗಾಲಿ ಕೆಳಗಿಳಿದ ಕೂಡಲೇ ಹಿಂದಿನದು ಮೇಲೆದ್ದು, ಅವಳನ್ನು ಹ್ಯಾಂಡಲ್ ಮೇಲಿನಿಂದ ಎತ್ತಿ ಒಗೆದಿತ್ತು.

ಆ ಸಂಜೆ ಆಮ್ನಾ ಬಂದಳು. ಹರಿಹರದ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವ ಆಮ್ನಾ, ಭಾನುವಾರದ ಗುಂಪಿನಲ್ಲಿ ಇನ್ನೊಬ್ಬಳೇ ಹೆಂಗಸು. ಅವಳು ಆ ಬಂಡೆಯನ್ನು ಎಷ್ಟೋ ಸಲ ಇಳಿದವಳು.

"ನಿಮ್ಮ ಸೈಕಲ್ಲಿನ ಮುಂದಿನ ಗಾಲಿ ಹಿಡಿದಿರೋ ಫೋರ್ಕು ನೆಟ್ಟಗೆ ನಿಂತೈತೆ ಅಕ್ಕಾ. ಇಳಿಜಾರಿನಾಗೆ ಗಾಲಿ ನಿಮ್ಮ ಕಾಲ ಕೆಳಗೇ ಬಂದುಬಿಡುತ್ತೆ. ನಿಮಗೆ ಬೇಕಾಗಿರೋದು ಹಾರ್ಡ್‌ಟೇಲ್. ಮುಂದೆ ಮಾತ್ರ ಸ್ಪ್ರಿಂಗು, ಹಿಂದೆ ಗಟ್ಟಿ. ಅದರಾಗೂ ಮುಂದಿನ ಗಾಲಿ ದೂರಕ್ಕೆ ಚಾಚಿರೋದು. ದಪ್ಪ ಟಯರು. ಗುಂಡಿ ಒತ್ತಿದ್ರೆ ಸೀಟು ಕೆಳಗಿಳೀಬೇಕು."

"ಅಂಥದ್ದು ನಮ್ಮ ಕೈಗೆಟುಕುತ್ತಾ?"

"ಹುಡುಕಿದ್ರೆ ಎಟುಕುತ್ತೆ."

ಮರುದಿನ ಮಗ ಬಕ್ಕೇಶ್ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಅಮ್ಮ ಗುಡ್ಡಕ್ಕೆ ಹೋಗುವುದೇ ಅವನಿಗೆ ಇಷ್ಟವಿರಲಿಲ್ಲ. ಬಿಡಿಸಲಾಗದಿದ್ದರೆ ಒಳ್ಳೆಯದನ್ನಾದರೂ ಕೊಡಿಸೋಣ ಎಂದುಕೊಂಡಿದ್ದ. ಕೆಂಪು ಬಣ್ಣದ ಮಿರಮಿರ ಮಿಂಚುವ ಸೈಕಲ್. ಮುಂದೂ ಸ್ಪ್ರಿಂಗು, ಹಿಂದೂ ಸ್ಪ್ರಿಂಗು.

"ನೋಡಮ್ಮಾ, ಹಾರ್ಡ್‌ಟೇಲ್‌ಗಿಂತ ಕಡಿಮೆ ರೇಟಿಗೆ ಎರಡು ಸ್ಪ್ರಿಂಗು ಬರ್ತೈತೆ. ಒಂದಕ್ಕಿಂತ ಎರಡು ಮೇಲಲ್ವಾ?"

"ಆಮ್ನಾ ಬ್ಯಾಡ ಅಂತಾಳೆ. ಈ ರೇಟಿನಾಗೆ ಎರಡು ಕೊಟ್ಟಾರಂದ್ರೆ ಎರಡೂ ಸುಮಾರು ಇರ್ತಾವಂತೆ."

"ಆಮ್ನಾ ಹೇಳಿದ್ದೇ ವೇದಾನಾ?"

ಆ ಮಾತು ಅವಳಿಗೂ ನಾಟಿತು. ಆಮ್ನಾ ಹೇಳಿದಳೆಂದು ಕೊಳ್ಳುವುದೂ ಸರಿಯಲ್ಲ, ಮಗ ಹೇಳಿದನೆಂದು ಕೊಳ್ಳುವುದೂ ಸರಿಯಲ್ಲ. ಅವಳು ಸೀದಾ ಮಾಲತೇಶನ ಸೈಕಲ್ ಅಂಗಡಿಗೆ ಹೋದಳು. ಮಾಲತೇಶ್ ಮೊದಲು ತೋರಿಸಿದ್ದು ಬುಟ್ಟಿ ಇರುವ ಲೇಡೀಸ್ ಸೈಕಲ್ಲು. ಅವಳು ಅದನ್ನು ಬದಿಗೆ ಸರಿಸಿದಳು. ಆಮೇಲೆ ತೋರಿಸಿದ್ದು ಬಕ್ಕೇಶ್ ಹೇಳಿದ ಕೆಂಪು ಗಾಡಿ. ಕೊನೆಗೆ, ಅವಳೇ ಬಾಯಿ ಬಿಟ್ಟು ಕೇಳಿದ ಮೇಲೆ, ಹಾರ್ಡ್‌ಟೇಲ್.

"ಇದು ಅಗ್ರೆಸಿವ್ ಗಾಡಿ ಅಕ್ಕಾರೆ," ಎಂದು ಎಚ್ಚರಿಸಿದ.

"ಹಂಗಂದ್ರೆ?"

"ಅಂದ್ರೆ... ಸ್ವಲ್ಪ ಜೋರು. ಕಲ್ಲು ಮುಳ್ಳು ನೋಡದೆ ನುಗ್ಗುತ್ತೆ."

"ಹಂಗಾದ್ರೆ ನಮ್ಮಿಬ್ರಿಗೂ ಹೊಂದುತ್ತೆ ಬಿಡು."

ಹತ್ತಿ ಕೂತರೆ ಹ್ಯಾಂಡಲ್ ದೂರ. ಕೈ ಪೂರ್ತಿ ಚಾಚಿಕೊಂಡು, ಕಿಟಕಿ ಒರೆಸುವವಳ ಹಾಗೆ ಬಗ್ಗಬೇಕಾಯಿತು. ಇದು ಎತ್ತರದವರ ಅಳತೆ, ಚಿಕ್ಕದು ಬೇಕು ಎಂದಳು. ಚಿಕ್ಕದು ಯಾರೂ ಕೇಳುವುದಿಲ್ಲ ಎಂದ ಮಾಲತೇಶ್. ಒಂದು ಇತ್ತು, ಹೋದ ವರ್ಷದ್ದು, ಹರಿಹರದ ಗೋದಾಮಿನಲ್ಲಿ. ಬಣ್ಣ ಯಾರಿಗೂ ಹಿಡಿಸದೆ ಮೂಲೆ ಸೇರಿತ್ತು. ಅದಕ್ಕೇ ಬೆಲೆಯಲ್ಲೂ ಸಾಕಷ್ಟು ಬಿಡುವುದಾಗಿ ಹೇಳಿದ.

"ಅದನ್ನೂ ಈ ಕೆಂಪನೇದನ್ನೂ ಭಾನುವಾರ ಕೊಂಡಜ್ಜಿಗೆ ತಗಂಡು ಬಾ. ಓಡಿಸಿ ನೋಡಿ ತಗಂತೀನಿ."

ಮಾಲತೇಶ್ ಬೆಚ್ಚಿದ. "ಗುಡ್ಡಕ್ಕಾ? ಮಣ್ಣಾದ್ರೆ ಆಮೇಲೆ ಯಾರು ತಗಂತಾರ್ರೀ? ಬೇಕಾದ್ರೆ ಈ ರಸ್ತೆಯಾಗೇ ಒಂದು ರೌಂಡು ಹೊಡೀರಿ."

"ನಮ್ಮ ಮಂಡಿಯಾಗೆ ಬೆಲ್ಲದ ಚೂರು ಮುರಿದು ಬಾಯಿಗೆ ಹಾಕ್ಕಳ್ದೆ ಯಾರಾದ್ರೂ ಅಚ್ಚು ಎತ್ತುತಾರೇನು? ಎರಡರಾಗೆ ಒಂದಂತೂ ಎತ್ತೇ ಎತ್ತುತೀನಿ. ಗೀರು ಬಿದ್ರೆ ಅದೂ ನಂದೇ."

ಮಾಲತೇಶ್ ಒಪ್ಪಿದ. ಭಾನುವಾರ ಬೆಳಿಗ್ಗೆ ಎರಡೂ ಸೈಕಲ್ಲುಗಳನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ಬಂದ. ಬಕ್ಕೇಶ್ ಕಾರಿನಲ್ಲಿ ಅಮ್ಮನನ್ನು ಕರೆತಂದ. ಹಿಂದಿನ ಸೀಟಿನಲ್ಲಿ ಔಷಧಿ ಡಬ್ಬಿಯನ್ನೂ ಇಟ್ಟುಕೊಂಡಿದ್ದ. ಆಮ್ನಾ ಹರಿಹರದಿಂದ ಸೈಕಲ್ ತುಳಿದುಕೊಂಡೇ ಬಂದಿದ್ದಳು. ಚೂಡಿದಾರದ ಮೇಲೆ ಮೊಣಕಾಲಿನ ಕವಚ, ತಲೆಗೆ ಹೆಲ್ಮೆಟ್ಟು ಹಾಕಿಕೊಂಡು ಅಕ್ಕನಾಗಮ್ಮ ಮೊದಲು ಕೆಂಪು ಗಾಡಿ ಹತ್ತಿದಳು. ಮಗನ ಮಾತಿಗೂ ಅವಕಾಶ ಸಿಗಬೇಕಲ್ಲ.

ಏರು ಶುರುವಾದ ಕೂಡಲೇ ಅದರ ಗುಣ ತಿಳಿಯಿತು. ಅವಳು ತುಳಿದಷ್ಟೂ ಹಿಂದಿನ ಸ್ಪ್ರಿಂಗು ಕುಕ್ಕರಿಸುತ್ತಿತ್ತು. ಅರ್ಧ ಶಕ್ತಿ ಅದಕ್ಕೇ ಹೋಯಿತು. ಗಾಡಿಯ ತೂಕವೂ ಬಹಳ. ಇಳಿಜಾರಿನಲ್ಲಿ ಜಲ್ಲಿ ಸಿಕ್ಕಾಗ ಹಿಂದಿನ ಗಾಲಿ ಚೆಂಡಿನ ಹಾಗೆ ಪುಟಿಯಿತು, ಬ್ರೇಕು ಹಿಡಿದರೆ ಹಿಡಿಯಲೇ ಇಲ್ಲ. ಬಂಡೆ ಇನ್ನೂ ದೂರವಿರುವಾಗಲೇ ಅವಳು ಕಾಲೂರಿ ನಿಂತಳು. ತಳ್ಳಿಕೊಂಡು ಶುರುವಿನ ಜಾಗಕ್ಕೆ ವಾಪಸು ಬಂದು ಮಗನಿಗೆ ಹ್ಯಾಂಡಲ್ ಕೊಟ್ಟಳು.

"ನೀನೇ ಒಂಚೂರು ತುಳಿದು ನೋಡಪ್ಪಾ."

ಬಕ್ಕೇಶ್ ಏರಿನಲ್ಲಿ ಸ್ವಲ್ಪ ದೂರ ಹೋಗಿ ಏದುಸಿರು ಬಿಡುತ್ತಾ ತಿರುಗಿ ಬಂದ. "ಸೋಫಾ ತುಳಿದಂಗೆ ಆಗ್ತೈತಮ್ಮಾ," ಎಂದ. ಮಾಲತೇಶನೂ ನಕ್ಕುಬಿಟ್ಟ.

ಆಮೇಲೆ ಹರಿಹರದ ಗೋದಾಮಿನಿಂದ ಬಂದದ್ದು. ಯಾರಿಗೂ ಹಿಡಿಸದ ಆ ಬಣ್ಣ ಹಳೇ ಬೆಲ್ಲದ್ದು. ಅವಳಿಗೇನೂ ಕೆಟ್ಟದಾಗಿ ಕಾಣಲಿಲ್ಲ. ಹತ್ತಿ ಕೂತಳು. ಕೈ ಸಹಜವಾಗಿ ಹ್ಯಾಂಡಲ್ ಮೇಲೆ ಬಂತು, ಮೊಣಕೈ ಅಗಲವಾಗಿ ನಿಂತಿತು. ಏರಿನಲ್ಲಿ ತುಳಿದದ್ದು ತುಳಿದ ಹಾಗೇ ಗಾಲಿಗೆ ಹೋಯಿತು. ಮೇಲೆ ತಲುಪಿ ಗುಂಡಿ ಒತ್ತಿದಾಗ ಸೀಟು ಸರ್ರನೆ ಕೆಳಗಿಳಿಯಿತು.

ಜಲ್ಲಿಯ ಇಳಿಜಾರು ಸಲೀಸಾಗಿ ದಾಟಿತು. ಬಂಡೆ ಬಂತು. ಮೆಟ್ಟಿಲ ಅಂಚು ಕಂಡಿತು. ಅದನ್ನು ಕಂಡದ್ದೇ ಅವಳ ಎರಡೂ ಕೈ ತಾವಾಗಿಯೇ ಬ್ರೇಕ್ ಹಿಸುಕಿದವು. ಗಾಡಿ ಅಂಚಿನಲ್ಲೇ ಗಕ್ಕನೆ ನಿಂತಿತು.

"ಇಷ್ಟು ಸಾಕಮ್ಮಾ!" ಸುತ್ತಿ ಬಂದು ಬಂಡೆಯ ಬುಡದಲ್ಲಿ ನಿಂತಿದ್ದ ಬಕ್ಕೇಶ್ ಕೂಗಿದ. "ಸೈಕಲ್ ಚೆನ್ನಾಗೈತೆ, ಗೊತ್ತಾಯ್ತಲ್ಲ. ಇದನ್ನೇ ತಗಳ್ಳೋಣ. ಇಳಿದು ಬಾ!"

ಅವಳಿಗೂ ಒಂದು ಕ್ಷಣ ಹಾಗೇ ಅನಿಸಿತು. ಮೊಣಕಾಲಿನ ಹೋದ ವಾರದ ಗಾಯ ಚುರುಗುಟ್ಟುತ್ತಿತ್ತು. ನಿಲ್ಲಿಸಿದ್ದು ಸೈಕಲ್ಲಲ್ಲ, ತಾನು. ಈ ಸಲ ಅದರ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಅವಳು ಗಾಡಿ ತಿರುಗಿಸಿ, ಮತ್ತೆ ಮೇಲಕ್ಕೆ ತಳ್ಳತೊಡಗಿದಳು.

ಆಮ್ನಾ ಪಕ್ಕಕ್ಕೆ ಬಂದಳು. "ಕಲ್ಲು ನೋಡಬ್ಯಾಡ್ರಿ ಅಕ್ಕಾ. ಕಲ್ಲಿನಾಚೆ ದಾರಿ ನೋಡ್ರಿ. ಸೊಂಟ ಹಿಂದೆ. ಅಂಚಿನಾಗೆ ಮುಂದಿನ ಬ್ರೇಕ್ ಮುಟ್ಟಬ್ಯಾಡ್ರಿ."

ಅಷ್ಟರಲ್ಲಿ ಭಾನುವಾರದ ಗುಂಪು ಬಂದು ಬಂಡೆಯ ಬುಡದಲ್ಲಿ ನಿಂತಿತ್ತು. ಅವರಲ್ಲಿ ಬಹುಪಾಲು ಜನ ಅಲ್ಲಿ ಸೈಕಲ್ ಹೊತ್ತುಕೊಂಡೇ ಇಳಿಯುವವರು. ಮೇಲಿನಿಂದ ಅಕ್ಕನಾಗಮ್ಮನ ದನಿ ಕೇಳಿಸಿತು.

"ದಾರಿ ಬಿಡ್ರಪ್ಪಾ!"

ಅವರು ಚೆದುರಿದರು. ಬಕ್ಕೇಶ್ ಕಣ್ಣು ಮುಚ್ಚಲು ಹೋಗಿ, ಮುಚ್ಚದೆ ನಿಂತ. ಅಂಚು ಬಂತು. ಅವಳು ಕೆರೆಯ ಕಡೆಗೆ ಹೋಗುವ ಕೆಮ್ಮಣ್ಣಿನ ಜಾಡನ್ನೇ ನೋಡುತ್ತಿದ್ದಳು. ಮುಂದಿನ ಗಾಲಿ ಕೆಳಗಿಳಿಯಿತು, ಫೋರ್ಕು ಪೂರ್ತಿ ಅಮುಕಿಕೊಂಡಿತು. ಹೋದ ಭಾನುವಾರದ ಹಾಗೆ ಮೇಲೇಳದೆ, ಹಿಂದಿನ ಗಾಲಿ ಈಗ ಅವಳ ಹಿಂದೆಯೇ ಧಡ್ ಎಂದು ನೆಲಕ್ಕೆ ಬಂತು. ಎರಡೂ ಗಾಲಿ ನೆಲದ ಮೇಲೆ. ಅವಳು ಸೈಕಲ್ ಮೇಲೆ!

ಗುಂಪು ಹೋ ಎಂದು ಕೂಗಿತು. ಯಾರೋ ಶಿಳ್ಳೆ ಹೊಡೆದರು. ಅಕ್ಕನಾಗಮ್ಮ ಯಾರಿಗೂ ನಿಲ್ಲದೆ ಕೆರೆಯ ದಡದವರೆಗೆ ಹೋಗಿ, ಒಂದು ಸುತ್ತು ತಿರುಗಿ, ಮತ್ತೆ ಗುಡ್ಡ ಏರಿದಳು. ಎರಡನೇ ಸಲ ಇಳಿಯುವಾಗ ಅವಳು ಜೋರಾಗಿ ನಗುತ್ತಿದ್ದಳು. ಮೂರನೇ ಸಲಕ್ಕೆ ಗುಂಪಿನ ಒಬ್ಬ ಅವಳ ಹಿಂದೆಯೇ, ಅವಳ ಜಾಡಿನಲ್ಲೇ ಇಳಿದ.

"ಇದೇ ನಂದು," ಎಂದಳು ಮಾಲತೇಶನಿಗೆ. "ಬಿಲ್ಲು ನಾಳೆ ಅಂಗಡಿಗೆ ಕಳಿಸು."

ಗಾಡಿಯ ತುಂಬ ಕೆಂಪು ಮಣ್ಣು. ಮಾಲತೇಶ್ ಒರೆಸಲು ಬಟ್ಟೆ ತೆಗೆದ, ಅವಳು ಬೇಡವೆಂದಳು. ಬಕ್ಕೇಶ್ ಹತ್ತಿರ ಬಂದ. ಅವಳ ಹೆಲ್ಮೆಟ್ಟಿನ ಮೇಲೆ ಮೆಲ್ಲಗೆ ತಟ್ಟಿದ. ಅವನ ಕಣ್ಣು ಒದ್ದೆಯಾಗಿತ್ತು.

"ಕಾರಿಗೆ ಏರಿಸಲೇನಮ್ಮಾ ಇದನ್ನ?"

"ಯಾಕ? ಗಾಲಿ ಇಲ್ವೇನು ಇದಕ್ಕೆ?" ಎಂದು ಅವಳು ಆಮ್ನಾ ಕಡೆ ತಿರುಗಿದಳು. "ಹರಿಹರದಾಗೆ ನಿಮ್ಮನೆಯಾಗೆ ಚಾ ಸಿಗುತ್ತೇನೇ?"

"ಸಕ್ರೆ ಇಲ್ದಿರೋದು ಸಿಗುತ್ತೆ, ಬರ್ರಿ ಅಕ್ಕಾ."

ಇಬ್ಬರೂ ಹರಿಹರದ ರಸ್ತೆಗೆ ತಿರುಗಿದರು. ಬಕ್ಕೇಶ್ ಕಾರಿನಲ್ಲಿ ಬಹಳ ಹೊತ್ತು ನಿಧಾನವಾಗಿ ಹಿಂಬಾಲಿಸಿದ. ಆಮೇಲೆ ಹಾರ್ನ್ ಮಾಡಿ, ಕೈ ಬೀಸಿ, ಅವರನ್ನು ಅವರ ಪಾಡಿಗೆ ಬಿಟ್ಟು ದಾವಣಗೆರೆ ಕಡೆ ಹೊರಟ. ಗದ್ದೆಗಳ ನಡುವಿನ ರಸ್ತೆಯಲ್ಲಿ ದಪ್ಪ ಟಯರುಗಳು ಗುಂಯ್ ಎನ್ನುತ್ತಿದ್ದವು. ಮುಂದೆ ಹೋಗುತ್ತಿದ್ದವಳು ಅಕ್ಕನಾಗಮ್ಮ.