ಶನಿವಾರ ಓದುವ ಹೆಸರು

"ಇಂಚರಾ? ಅಜ್ಜಿ ಹತ್ರ ಹೋಗಿದ್ದಾಳೆ, ಮೈಸೂರಿಗೆ," ಎಂದು ಹೃಷಿಕೇಶ್ ಫೋನಿನಲ್ಲಿ ಹೇಳುತ್ತಿದ್ದಾಗ ಇಂಚರಾ ಎರಡಡಿ ದೂರದಲ್ಲಿ, ಮೆಲ್ಬರ್ನ್‌ನ ಆಸ್ಪತ್ರೆಯ ಮಂಚದಲ್ಲಿ ಮಲಗಿದ್ದಳು.

"ಸ್ಕೂಲ್ ಟೈಮಲ್ಲಾ?" ಸಿಡ್ನಿಯ ಕ್ವೇಕರ್ಸ್ ಹಿಲ್‌ನಿಂದ ಗೆಳೆಯ ಶ್ರೀನಾಥನ ದನಿ. "ಯುಗಾದಿ ಪ್ರೋಗ್ರಾಮಿಗೆ ಮೆಲ್ಬರ್ನ್‌ಗೆ ಡ್ರೈವ್ ಮಾಡ್ತಿದೀವಿ. ಅವಳ ಡ್ಯಾನ್ಸ್ ಇಲ್ವಾ ಹಾಗಾದ್ರೆ?"

"ನೋಡೋಣ."

ಫೋನಿಟ್ಟ. ಏಳು ವರ್ಷದ ಮಗಳು ಕಣ್ಣು ಬಿಟ್ಟಿದ್ದಳು. "ಆಮ್ ಐ ಇನ್ ಮೈಸೂರ್, ಅಪ್ಪಾ?"

ರಕ್ತದ ಕ್ಯಾನ್ಸರ್ ಎಂದು ಗೊತ್ತಾಗಿ ಐದು ವಾರವಾಗಿತ್ತು. ಇಸವಿ 2006, ಅವನು ಎಂಜಿನಿಯರ್. ಆದರೂ ಅಲ್ಲಿನ ಕನ್ನಡಿಗರಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಹೆಣ್ಣುಮಗು, ನಾಳೆ ಮದುವೆ ಗಿದುವೆ ಅಂತ ಇದೆ ಎಂದು ಅವನೂ ಹೆಂಡತಿ ಗಿರಿಜಾಳೂ ತೀರ್ಮಾನಿಸಿದ್ದರು. ನಾಳೆ ಇದೆಯೋ ಎಂದು ಡಾಕ್ಟರನ್ನು ಕೇಳುವ ಧೈರ್ಯ ಮಾತ್ರ ಇಬ್ಬರಿಗೂ ಇರಲಿಲ್ಲ.

ಪಕ್ಕದ ಮಂಚದ ಎಸ್ತರ್ ಯೆಹೂದಿ ಹುಡುಗಿ. ಅವಳದ್ದೂ ಅದೇ ಕಾಯಿಲೆ, ಆದರೆ ಊರಿಗೆಲ್ಲ ಗೊತ್ತಿರುವ ಕಾಯಿಲೆ. ಅವರ ಸಮುದಾಯದ ಸಂಘವೊಂದರಿಂದ ದಿನಾ ಯಾರಾದರೂ ಬರುತ್ತಿದ್ದರು. ಊಟ ತರುತ್ತಿದ್ದರು, ತಂಗಿಯನ್ನು ಸ್ಕೂಲಿಗೆ ಬಿಡುತ್ತಿದ್ದರು, ತಾಯಿ ಒಂದು ಗಂಟೆ ನಿದ್ದೆ ಮಾಡಲೆಂದು ತಾವು ಕೂರುತ್ತಿದ್ದರು. ಅವರನ್ನು ಕಂಡರೆ ಹೃಷಿಕೇಶನಿಗೆ ಸಿಡುಕು. ಅದು ಹೊಟ್ಟೆಕಿಚ್ಚು ಎಂದು ಅವನಿಗೆ ಗೊತ್ತಿತ್ತು.

ಈ ಶುಕ್ರವಾರ ಸಂಜೆ ಸಂಘದಿಂದ ಮಿರಿಯಂ ಎಂಬವಳು ಮೊದಲ ಸಲ ಬಂದಳು. ಶುಕ್ರವಾರ ಸೂರ್ಯ ಮುಳುಗಿದರೆ ಅವರ ವಾರದ ವಿಶ್ರಾಂತಿ ದಿನ ಸಬ್ಬತ್ ಶುರು, ಅದಕ್ಕೆ ಮೊದಲು ದೀಪ ಹಚ್ಚಬೇಕು. ವಾರ್ಡಿನಲ್ಲಿ ಬೆಂಕಿ ಹಚ್ಚುವಂತಿಲ್ಲ; ಬ್ಯಾಟರಿ ದೀಪ ತಂದಿದ್ದಳು. ಎಸ್ತರಳ ಹಠಕ್ಕೆ ಇಂಚರಾಳ ಕಿಟಕಿಯಲ್ಲೂ ಒಂದನ್ನು ಇಟ್ಟಳು. ಇಂಚರಾಳ ಕಣ್ಣು ಮುಚ್ಚಿತ್ತು.

"ನಾಳೆ ಬೆಳಿಗ್ಗೆ ನಮ್ಮ ಮಂದಿರದಲ್ಲಿ ಕಾಯಿಲೆಯವರ ಹೆಸರು ಓದ್ತೀವಿ," ಎಂದಳು. "ಮಗುವಿನ ಹೆಸರು, ತಾಯಿಯ ಹೆಸರು. ನಿಮ್ಮ ಮಗಳದ್ದೂ ಸೇರಿಸಲಾ? ಮುನ್ನೂರು ಜನ ಬೇಡಿಕೊಳ್ತಾರೆ."

ಮುನ್ನೂರು ಜನ. ಅವರಲ್ಲೊಬ್ಬ ಯಾವುದೋ ಆಫೀಸಿನಲ್ಲಿ ಕನ್ನಡಿಗನೊಬ್ಬನ ಪಕ್ಕ ಕೂರುವವನಾಗಿದ್ದರೆ?

"ಅನಸೂಯಾ," ಎಂದ. "ತಾಯಿ... ಭಾಗೀರಥಿ."

ಅವಳು ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡಳು. ಸೂರ್ಯ ಮುಳುಗುವ ಮೊದಲು ಮನೆ ಸೇರಬೇಕು, ನಾಳೆ ಕತ್ತಲಾಗುವವರೆಗೆ ಫೋನ್ ಮುಟ್ಟುವಂತಿಲ್ಲ ಎಂದು ಹೊರಟಳು.

"ಹೂ ಈಸ್ ಅನಸೂಯಾ?"

ಮಗಳು ನಿದ್ದೆ ಮಾಡಿರಲಿಲ್ಲ. ಹೃಷಿಕೇಶ್ ಕಾರಿಡಾರಿಗೆ ಓಡಿದ, ಲಿಫ್ಟ್ ಇಳಿದಾಗಿತ್ತು. ಮಿರಿಯಂ ಬಿಟ್ಟುಹೋಗಿದ್ದ ಸಂಘದ ಕಾರ್ಡಿನಲ್ಲಿ ಅವಳ ನಂಬರಿತ್ತು; ಅದಕ್ಕೆ ಫೋನ್ ಮಾಡಿದ, ಮತ್ತೆ ಮತ್ತೆ ಮಾಡಿದ. ಹೊರಗೆ ಬಿಸಿಲು ಹೋಗಿತ್ತು. ಸಂದೇಶ ಬಿಡಿ ಎಂದಿತು ಯಂತ್ರ.

"ಇಂಚರಾ," ಎಂದ. "ಅವಳ ಹೆಸರು ಇಂಚರಾ. ತಾಯಿ ಗಿರಿಜಾ." ಐದು ವಾರದಲ್ಲಿ ಹೊರಗಿನವರಿಗೆ ಅವನು ನಿಜ ಹೇಳಿದ್ದು ಇದೇ ಮೊದಲು. ನಾಳೆ ಕತ್ತಲಾದ ಮೇಲೆ ಮಿರಿಯಂ ಅದನ್ನು ಕೇಳಿಸಿಕೊಳ್ಳುವ ಹೊತ್ತಿಗೆ ಹೆಸರುಗಳನ್ನು ಓದಿ ಮುಗಿದಿರುತ್ತದೆ.

ವಾರ್ಡಿಗೆ ಬಂದಾಗ ದೀಪದ ಬೆಳಕು ಮಗಳ ಕಣ್ಣಿಗೆ ಹೊಡೆಯುತ್ತಿತ್ತು. ಆರಿಸಲು ಕೈ ಚಾಚಿದ.

"ಲೀವ್ ಇಟ್, ಅಪ್ಪಾ," ಎಂದಳು ಇಂಚರಾ. "ಇಟ್ಸ್ ಫಾರ್ ಅನಸೂಯಾ." ಗೋಡೆಯ ಕಡೆ ತಿರುಗಿಕೊಂಡಳು.

ಬೆರಳಿಗೆ ದೀಪ ತಾಗಿತು, ಬಿಸಿಯೇ ಇರಲಿಲ್ಲ. ಇಲ್ಲದ ಮಗುವೊಂದಕ್ಕಾಗಿ ಅದು ಉರಿಯುತ್ತಲೇ ಇತ್ತು.