ಎಡಗಡೆಯ ಜಾಗ

ಆ ಮನೆಯಲ್ಲಿ ಬೆಳಗಿನ ಕಾಫಿಗಿಂತ ಮೊದಲು ತಲೆ ಬಾಚುವ ಕೆಲಸ ಆಗಬೇಕು. ಮಗಳಿಗೆ ಮೂವತ್ತು ದಾಟಿದೆ, ಕನ್ನಡಕದ ಅಂಗಡಿಯಲ್ಲಿ ಕೆಲಸ. ಆದರೂ ಬಾಚಣಿಗೆ ಮಾತ್ರ ಅಮ್ಮನ ಕೈಯಲ್ಲೇ. ಬಲಗಿವಿಯ ಮೇಲೆ ಬೈತಲೆ ತೆಗೆದು, ಕೂದಲನ್ನೆಲ್ಲ ಎಡಕ್ಕೆಳೆದು ಅಮ್ಮ ಪಿನ್ನು ಸಿಕ್ಕಿಸುತ್ತಾಳೆ. ಎಡ ಕಣತಲೆಯ ಮೇಲೆ ಎರಡು ಬೆರಳಗಲ ಜಾಗದಲ್ಲಿ ಮಗಳಿಗೆ ಹುಟ್ಟಿನಿಂದಲೇ ಕೂದಲಿಲ್ಲ. "ಬಸುರಿಯಾಗಿದ್ದಾಗ ಅದೇನು ಮಾಡಿಕೊಂಡಳೋ" ಎಂದು ಅತ್ತೆಮನೆಯವರು ಆಡಿಕೊಂಡ ದಿನದಿಂದ ಆ ಜಾಗ ಮುಚ್ಚುವುದೇ ಅಮ್ಮನ ಬದುಕಾಗಿತ್ತು.

ಗುಟ್ಟೇನೋ ಉಳಿಯಿತು, ಮಗಳು ಒಂಟಿಯಾದಳು. ಈಜಲು ಹೋಗಲಿಲ್ಲ, ಯಾರ ಮನೆಯಲ್ಲೂ ತಂಗಲಿಲ್ಲ, ಬಸ್ಸಿನ ಕಿಟಕಿ ತೆರೆಯಲಿಲ್ಲ. ದಿನವಿಡೀ ಕಂಡವರ ಕಣತಲೆ ಮುಟ್ಟಿ ಕನ್ನಡಕ ಕೂರಿಸುವವಳು ತನ್ನ ಎಡಗಡೆಗೆ ಯಾರನ್ನೂ ಬಿಟ್ಟುಕೊಳ್ಳುತ್ತಿರಲಿಲ್ಲ. ಅಂಗಡಿಯಲ್ಲಿ ಊಟಕ್ಕೂ ಎಡಭುಜವನ್ನು ಗೋಡೆಗೊತ್ತಿಯೇ ಕೂರುವಳು. ಬಿಲ್ ಬರೆಯುವ ಅಕ್ಕ ಬಲಗಡೆ ಕೂತು ಗಂಟಲು ಹರಿಯುವಂತೆ ಮಾತಾಡುವಳು. ಅಕ್ಕನ ಸ್ವಭಾವವೇ ಹಾಗೆಂದು ಇವಳ ಲೆಕ್ಕ.

ಒಂದು ಬೆಳಿಗ್ಗೆ ಮಗಳು ಕನ್ನಡಿಯಲ್ಲೇ ಅಮ್ಮನನ್ನು ನೋಡುತ್ತ ಹೇಳಿದಳು: "ಡಾಕ್ಟರ ಹತ್ರ ಹೋಗಿದ್ದೆ. ಹಿಂದ್ಗಡೆ ಕೂದಲನ್ನ ಬೇರು ಸಮೇತ ತೆಗೆದು ಇಲ್ಲಿ ನೆಡ್ತಾರಂತೆ."

"ಸುಮ್ನಿರೋ ತಲೆಗೆ ಯಾಕೆ ಗಾಯ? ನಾನಿರೋವರೆಗೂ ಅದು ಯಾರ ಕಣ್ಣಿಗೂ ಬೀಳಲ್ಲ ಕಣೇ."

"ನೀನಿಲ್ದಿದ್ರೆ?"

ಅಮ್ಮ ಕೊನೆಯ ಪಿನ್ನು ಸಿಕ್ಕಿಸಿದಳು. ಮುಂದಿನ ಸಲ ತಾನೂ ಹೊರಟಳು.

ಡಾಕ್ಟರು ಎಲ್ಲ ಬಿಡಿಸಿ ಹೇಳಿದರು: ನೆಟ್ಟ ಕೂದಲು ಕೆಲವು ವಾರಗಳಲ್ಲಿ ಉದುರುತ್ತದೆ, ಗಾಬರಿ ಬೇಡ, ಬೇರು ಹಿಡಿದಿದ್ದರೆ ತಿಂಗಳುಗಳ ಮೇಲೆ ಮತ್ತೆ ಬರುತ್ತದೆ. ಅಮ್ಮ ತಲೆಯಾಡಿಸಿದಳೇ ಹೊರತು ಅವಳ ಮನಸ್ಸು ಬೇರೆಲ್ಲೋ ಇತ್ತು. ಎದ್ದು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಡಾಕ್ಟ್ರೇ, ಬಸುರಿಯಾಗಿದ್ದಾಗ ನಾನೇನಾದ್ರೂ ತಪ್ಪು ಮಾಡಿದ್ನಾ?"

"ಇಲ್ಲಮ್ಮ. ಕೆಲವ್ರಿಗೆ ಹುಟ್ಟುವಾಗ್ಲೇ ಅಲ್ಲಿ ಕೂದಲು ಸರಿಯಾಗಿ ಬೆಳೆದಿರಲ್ಲ, ಅಷ್ಟೆ. ಇದ್ರಲ್ಲಿ ಯಾರ ತಪ್ಪೂ ಇಲ್ಲ."

ಇಷ್ಟು ವರ್ಷ ಆ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅಮ್ಮ ಅತ್ತುಬಿಟ್ಟಳು.

ಶಸ್ತ್ರಚಿಕಿತ್ಸೆ ಮುಗಿಯಿತು. ಗಾಯ ಮಾಗಿ, ಬೋಳು ಜಾಗದಲ್ಲಿ ಗಿಡ್ಡ ಕೂದಲು ಕಂಡಾಗ ಅಮ್ಮನ ಮುಖದಲ್ಲಿ ನಗು. ಆದರೆ ಕೆಲವೇ ವಾರಗಳಲ್ಲಿ ಅದು ಬಾಚಣಿಗೆಗೆ ಬರತೊಡಗಿತು. ಅಮ್ಮ ಉದುರಿದ್ದನ್ನು ಕರವಸ್ತ್ರದಲ್ಲಿ ಕಟ್ಟಿ ದಿಂಬಿನಡಿ ಬಚ್ಚಿಟ್ಟಳು. ಹಾಸಿಗೆ ಕೊಡವುವಾಗ ಗಂಟು ಮಗಳ ಕೈಗೆ ಸಿಕ್ಕಿತು.

"ನನ್ ಕೈಯಿಂದಲೇ ಹಾಳಾಯ್ತು," ಎಂದಳು ಅಮ್ಮ. "ಮೆಲ್ಲಗೇ ಬಾಚಿದ್ದೆ."

"ಉದುರುತ್ತೆ ಅಂತ ಡಾಕ್ಟ್ರು ಮೊದ್ಲೇ ಹೇಳಿದ್ರಲ್ಲಮ್ಮ! ಬೇರು ಒಳಗಿದೆ."

"ಮತ್ತೆ ಬರ್ದಿದ್ರೆ?"

ಮಗಳಿಗೂ ಅದೇ ಭಯ. ಕನ್ನಡಿಯಲ್ಲಿ ಹಳೆಯ ಬೋಳು ಜಾಗ ಹಾಗೇ ಇತ್ತು. ಅದಕ್ಕಾಗಿ ಕಳೆದುಕೊಂಡದ್ದೆಲ್ಲ ಒಟ್ಟಿಗೇ ನೆನಪಾಗಿ ಅವಳಿಗೆ ಸಾಕೆನಿಸಿತು.

"ಬಂದ್ರೆ ಬರ್ಲಿ, ಇಲ್ದಿದ್ರೆ ಇಲ್ಲ. ಪಿನ್ನು ಬೇಡ. ನಡುಬೈತಲೆ ತೆಗಿ."

ಒಂದೇ ದಾರಿ ಕಲಿತಿದ್ದ ಕೈ ತಡವರಿಸಿತು. ಮೊದಲ ಬೈತಲೆ ಸೊಟ್ಟಗಾಯಿತು. ಅಮ್ಮ ಅಳಿಸಿ ಮತ್ತೊಮ್ಮೆ ತೆಗೆದಳು.

ಅಂದು ಅಂಗಡಿಯಲ್ಲಿ ಊಟದ ಹೊತ್ತಿಗೆ ಬಿಲ್ ಅಕ್ಕ ಬಲಗಡೆ ಬಂದು ಕೂತು, ಇವಳು ತಿರುಗಿದಾಗ ಎಡ ಕಣತಲೆ ಕಂಡು ಹೌಹಾರಿದಳು. "ಅದೇನೇ ಅದು, ಎಲ್ಲಾದ್ರೂ ಬಿದ್ಯಾ?"

"ಇಲ್ಲಕ್ಕ, ಹುಟ್ಟಿದಾಗಿಂದ ಇದೆ. ಇದನ್ನ ಮುಚ್ಚೋಕೇ ಗೋಡೆ ಪಕ್ಕ ಕೂರ್ತಿದ್ದೆ."

"ಅಯ್ಯೋ ನಿನ್ನ! ನಿಂಗೆ ಕಿವಿ ಮಂದ, ಎಡಗಿವಿಯಂತೂ ಕೇಳ್ಸೋದೇ ಇಲ್ಲ ಅಂದ್ಕೊಂಡಿದ್ನಲ್ಲೇ ನಾನು! ಕಿರುಚಿ ಕಿರುಚಿ ನನ್ ಗಂಟ್ಲೇ ಹೋಯ್ತು."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ಸಾಕಾದ ಮೇಲೆ ಅಕ್ಕ ಅಂದಳು: "ಅದಕ್ಕೇ ನಿನ್ಹತ್ರ ಒಂದು ಗುಟ್ಟೂ ಹೇಳೋಕಾಗ್ಲಿಲ್ಲ. ಕೂಗಿ ಹೇಳೋ ಗುಟ್ಟು ಎಲ್ಲಾದ್ರೂ ಉಂಟಾ? ಈಚೆಗೆ ಸರ್ಕೋ."

ಅವಳು ಗೋಡೆ ಬಿಟ್ಟು ಸರಿದಳು. ಅಕ್ಕ ಕುರ್ಚಿಯನ್ನು ಎಡಗಡೆಗೆ ಎಳೆದುಕೊಂಡು, ಅವಳ ಕಿವಿಯ ಹತ್ತಿರ ಬಾಗಿ ದನಿ ತಗ್ಗಿಸಿದಳು. ಗುಟ್ಟೇನು ದೊಡ್ಡದಲ್ಲ, ಮಾಲೀಕರು ತಲೆಗೆ ಬಣ್ಣ ಹಚ್ಚುತ್ತಾರೆ ಎಂಬುದಷ್ಟೆ. ಆದರೆ ಅಕ್ಕನ ಉಸಿರು ಆ ಬೋಳು ಜಾಗಕ್ಕೆ ತಾಗಿದಾಗ ಅವಳ ಕಣ್ಣು ತುಂಬಿತು. ಇನ್ನೂ ಏನಾದರೂ ಹೇಳಲಿ ಎಂದು ಎಡಗಿವಿ ಕೊಟ್ಟು ಹಾಗೇ ಕೂತಿದ್ದಳು.